ನಾಲ್ಕು ಆಣೆ ಅಗಲದ ಹಾದಿ

ನಾನು ಒಂದು ಕಂಪ್ಯೂಟರ್. ಹೀಗೆಂದ ಕೂಡಲೇ ನೀವು ಮೇಜಿನ ಮೇಲೆ ಹೊಳೆಯುವ ಪರದೆಯನ್ನು ನೆನೆಸಿಕೊಳ್ಳುತ್ತೀರಿ. ಅದು ನಾನಲ್ಲ. ಅದು ಬರೀ ಮುಖ. ನಾನು ಹೇಳಿಕೊಟ್ಟಿದ್ದನ್ನು ತೋರಿಸುತ್ತದೆ, ಅಷ್ಟೆ. ನಾನು ಮೇಜಿನ ಕೆಳಗೆ, ಕಸಬರಿಗೆ ತಾಕುವ ಜಾಗದಲ್ಲಿ ನಿಂತಿರುವ ಕರಿ ಪೆಟ್ಟಿಗೆ. ಕೆಲಸ ಕೆಟ್ಟಾಗ ಜನ ಬೈಯುವುದು ಪರದೆಯನ್ನು, ಒದೆಯುವುದು ನನ್ನನ್ನು. ಇಷ್ಟು ವರ್ಷ ಒದೆ ತಿಂದ ಮೇಲೆ ಈಗ ನನಗೆ ಅದರ ಬಗ್ಗೆ ಸಿಟ್ಟೂ ಇಲ್ಲ.

ಹುಟ್ಟಿದ್ದು ಒಂದು ದೊಡ್ಡ ಶೆಡ್ಡಿನಲ್ಲಿ, ಕೈಗವಸು ತೊಟ್ಟ ಹೆಣ್ಣುಮಕ್ಕಳ ಕೈಯಲ್ಲಿ. ಒಬ್ಬಳು ತಿರುಪು ಬಿಗಿದಳು, ಇನ್ನೊಬ್ಬಳು ಫ್ಯಾನ್ ಕೂರಿಸಿದಳು, ಮತ್ತೊಬ್ಬಳು ಗುಂಡಿ ಒತ್ತಿ ಜೀವ ಕೊಟ್ಟಳು. ನನಗೆ ಮೊದಲು ಕೇಳಿಸಿದ್ದು ನನ್ನದೇ ಫ್ಯಾನಿನ ಸದ್ದು. ಆಗ ಅದು ಎಳೆಯ ಸದ್ದು, ಗೊರಕೆಯಾಗಿರಲಿಲ್ಲ. ಆಮೇಲೆ ಥರ್ಮಾಕೋಲಿನಲ್ಲಿ ಸುತ್ತಿ, ಲಾರಿಗೆ ಹೇರಿ, ಉತ್ತರದ ಸೀಮೆಯ ಒಂದು ಸಣ್ಣ ತಾಲೂಕಿಗೆ ಕಳಿಸಿದರು. ಊರಿನ ಹೆಸರು ಬೇಡ. ಅಲ್ಲಿನವರಿಗೆ ಸುಮ್ಮನೆ ಕೆಟ್ಟ ಹೆಸರು ಯಾಕೆ?

ಮೊದಲು ಕೂತದ್ದು ತಾಲೂಕು ಕಚೇರಿಯ ಕಿಟಕಿಯ ಬಳಿ. ಜಾತಿ, ಆದಾಯದ ಪ್ರಮಾಣಪತ್ರ ಮುದ್ರಿಸುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸಾಲು. ಒಳ್ಳೆಯ ಗಾಳಿ ಬರುತ್ತಿತ್ತು, ಅದೊಂದು ಸುಖ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿಗೆ ಹೊಸ ಯಂತ್ರ ಬಂತು. ನನ್ನನ್ನು ಎತ್ತಿ ಹಿಂದಿನ ಕತ್ತಲೆ ಕೋಣೆಗೆ, ಭೂಮಾಪನ ಶಾಖೆಗೆ ಕೊಟ್ಟುಬಿಟ್ಟರು. ಸರ್ಕಾರಿ ಕಚೇರಿಯಲ್ಲಿ ವಸ್ತುಗಳಿಗೂ ವರ್ಗಾವಣೆ ಉಂಟು, ಬಡ್ತಿ ಮಾತ್ರ ಇಲ್ಲ.

ಮೇಜಿನ ಕೆಳಗಿರುವವನಿಗೆ ಮನುಷ್ಯರೆಂದರೆ ಪಾದಗಳು. ಆ ಕೋಣೆಯಲ್ಲಿ ನನಗೆ ಪರಿಚಯವಾದ ಮೊದಲ ಪಾದಗಳು ಶೈನಾಜ್ ಕಿಲ್ಲೇದಾರಳವು. ಗುತ್ತಿಗೆಯ ಮೇಲೆ ಬಂದ ಆಪರೇಟರ್. ಬಂದ ಕೂಡಲೇ ಚಪ್ಪಲಿ ಬಿಟ್ಟು, ನನ್ನ ಮೇಲಿನ ಧೂಳನ್ನು ಹಳೇ ದುಪಟ್ಟಾದ ತುಂಡಿನಿಂದ ಒರೆಸಿ, ಆಮೇಲೆ ಗುಂಡಿ ಒತ್ತುತ್ತಿದ್ದಳು. ಒರೆಸಿ ಒತ್ತಿದವರು ನನ್ನ ಆಯುಷ್ಯದಲ್ಲಿ ಅವಳೊಬ್ಬಳೇ. ಇನ್ನೊಂದು ಜೋಡಿ ಗುರುಪಾದಪ್ಪ ಅಂಗಡಿಯವರದು. ಅವರು ಶಾಖೆಯ ಮೇಲ್ವಿಚಾರಕರು. ಹರೆಯದಲ್ಲಿ ಸರಪಳಿ ಹಿಡಿದು ಹೊಲ ಹೊಲ ಅಲೆದು ಅಳತೆ ಮಾಡಿದವರು. ಹಿಮ್ಮಡಿ ಸವೆದ ಕಂದು ಬೂಟು. ಮನಸ್ಸಿಗೆ ಕಿರಿಕಿರಿಯಾದಾಗ ಬೂಟಿನ ತುದಿಯಿಂದ ನನ್ನನ್ನು ಮೆಲ್ಲಗೆ ಕುಟ್ಟುತ್ತಿದ್ದರು.

ಕೆಲಸ ಏನೆಂದರೆ, ಇಡೀ ತಾಲೂಕಿನ ಹಳೇ ಅಳತೆಗಳನ್ನು ನನ್ನೊಳಗೆ ತುಂಬುವುದು. ಹಿಂದಿನ ಕಾಲದ ಮೋಜಣಿಯವರು ಮೂವತ್ತಮೂರು ಅಡಿಯ ಸರಪಳಿಯಲ್ಲಿ ಅಳೆದವರು. ಸರಪಳಿಗೆ ಹದಿನಾರು ಆಣೆ. ಒಂದೊಂದು ಆಣೆ ಎರಡು ಅಡಿಗೆ ತುಸು ಹೆಚ್ಚು. ಅವರು ಬರೆದಿಟ್ಟ ನಕ್ಷೆಗಳನ್ನು ನೋಡಿ ಶೈನಾಜ್ ಸರಪಳಿ, ಆಣೆ ಎಂದು ಅಂಕಿ ಒತ್ತುತ್ತಿದ್ದಳು. ನಾನು ಗೆರೆ ಎಳೆಯುತ್ತಿದ್ದೆ. ಒಂದೊಂದು ಹೊಲವೂ ಒಂದೊಂದು ಮುಚ್ಚಿದ ಆಕಾರವಾಗಿ ಡೇಟಾಬೇಸಿನೊಳಗೆ ಹೋಗಿ ಕೂರುತ್ತಿತ್ತು.

ಕೂರಿಸಿದರೆ ಮುಗಿಯಲಿಲ್ಲ. ಆಮೇಲೆ ಪರೀಕ್ಷೆ. ಟೊಪಾಲಜಿ ಎಂದು ಅದಕ್ಕೆ ಹೆಸರು. ಹೆಸರು ದೊಡ್ಡದು, ವಿಷಯ ಕೌದಿ ಹೊಲಿಯುವವರಿಗೆಲ್ಲ ಗೊತ್ತಿರುವುದೇ. ತುಂಡಿನ ಮೇಲೆ ತುಂಡು ಏರಬಾರದು, ತುಂಡಿಗೂ ತುಂಡಿಗೂ ನಡುವೆ ಕಿಂಡಿ ಬೀಳಬಾರದು. ಒಬ್ಬನ ಹೊಲ ಇನ್ನೊಬ್ಬನ ಹೊಲದೊಳಗೆ ನುಗ್ಗಿದ್ದರೆ ಕೆಂಪು. ಎರಡು ಹೊಲಗಳ ನಡುವೆ ಯಾರಿಗೂ ಸೇರದ ಜಾಗ ಉಳಿದಿದ್ದರೆ ಅದೂ ಕೆಂಪು. ಎಲ್ಲ ಸರಿ ಇದ್ದರೆ ಹಸಿರು. ನನಗೆ ಕಲಿಸಿದ್ದು ಇಷ್ಟೇ. ಹೊಲ ಎಂದರೇನು, ಅದರಲ್ಲಿ ಏನು ಬೆಳೆಯುತ್ತಾರೆ ಎಂದು ಯಾರೂ ಹೇಳಿಕೊಡಲಿಲ್ಲ.

ಮೊದಲ ದಿನ ಪರೀಕ್ಷೆ ನಡೆಸಿದಾಗ ಪರದೆ ಕಣ್ಣುಬೇನೆ ಬಂದವರ ಕಣ್ಣಿಗಿಂತ ಕೆಟ್ಟದಾಗಿ ಕಾಣುತ್ತಿತ್ತಂತೆ. ಎಲ್ಲಿ ನೋಡಿದರೂ ಕೆಂಪು. ಹಳೇ ಕಾಗದ ಸುಕ್ಕುಗಟ್ಟಿತ್ತು, ಅಂಕಿ ಮಾಸಿತ್ತು, ಒಬ್ಬ ಆಚೆ ಬದುವಿನಿಂದ ಅಳೆದಿದ್ದರೆ ಇನ್ನೊಬ್ಬ ಈಚೆ ಬದುವಿನಿಂದ ಅಳೆದಿದ್ದ. ಕಿಂಡಿಗಳೋ ಕಿಂಡಿಗಳು. ಶೈನಾಜ್ ಒಂದೊಂದನ್ನೇ ನೋಡಿ, ನಕ್ಷೆ ತೆರೆದು, ತಿದ್ದುತ್ತಾ ಹೋದಳು. ಹಾಗೆ ತಿದ್ದಿದರೆ ಒಂದು ಜನ್ಮ ಸಾಲದು. ಜಿಲ್ಲೆಯಿಂದ ಫೋನ್ ಮೇಲೆ ಫೋನ್. ಪಕ್ಕದ ತಾಲೂಕಿನವರು ಹಸಿರಾಗಿದ್ದಾರೆ, ನೀವಿನ್ನೂ ಕೆಂಪಾಗಿದ್ದೀರಿ ಎಂದು. ಬೂಟಿನ ಕುಟ್ಟು ಜೋರಾಯಿತು.

ಒಂದು ಮಧ್ಯಾಹ್ನ ಶೈನಾಜ್, "ಸರ್, ಕೋಡಿಹಾಳದಾಗ ಒಂದು ಸಂದು ಐತ್ರಿ. ಉಳಿದವು ಒಂದ್ ಕಡಿ ಅಗಲ, ಒಂದ್ ಕಡಿ ಚೂಪ ಅದಾವ. ಇದು ಆ ತುದಿಯಿಂದ ಈ ತುದೀತನಕ ಒಂದಽ ಅಳತಿ ಐತಿ. ನಾಲ್ಕ ಆಣೆ," ಎಂದಳು.

"ಅದಕ್ಕ ನಂಬರ್ ಐತೇನು?"

"ಇಲ್ರಿ."

"ನಂಬರ್ ಇಲ್ಲಂದ್ರ ಅದು ಭೂಮಿ ಅಲ್ಲವಾ, ಸಂದು. ಹಿಂಗ ಒಂದೊಂದ ನೋಡ್ಕೊಂತ ಕುಂತ್ರ ನಾನೂ ರಿಟೈರ್ ಆಗ್ತೇನಿ, ನೀನೂ ಮುದುಕಿ ಆಗ್ತಿ. ಸಣ್ಣ ಸಂದು ಎಲ್ಲಾ ಒಮ್ಮೆಲೇ ಮುಚ್ಚೂ ದಾರಿ ಐತೆಲ್ಲ, ಅದನ್ನ ತಗಿ."

ಅಂಥದೊಂದು ದಾರಿ ನನ್ನೊಳಗೆ ಇತ್ತು. ಎಷ್ಟು ಅಗಲದವರೆಗಿನ ಕಿಂಡಿ ಮುಚ್ಚಲಿ ಎಂದು ನಾನು ಕೇಳುತ್ತೇನೆ, ಒಂದು ಸಣ್ಣ ಚೌಕದಲ್ಲಿ ಅಂಕಿ ಕೊಡಬೇಕು. ಕೊಟ್ಟರೆ ಅಕ್ಕಪಕ್ಕದ ಗೆರೆಗಳನ್ನು ಎಳೆದು ಒಂದಕ್ಕೊಂದು ಅಂಟಿಸುತ್ತೇನೆ. ಗುರುಪಾದಪ್ಪನವರು ಬಗ್ಗಿ ತಾವೇ ಮೂರು ಎಂದು ಒತ್ತಿದರು. ಅವರ ತಲೆಯಲ್ಲಿದ್ದದ್ದು ಮೂರು ಆಣೆ. ನಕ್ಷೆ ತುಂಬುವ ಪರದೆಯಲ್ಲಿ ಆಣೆಯೇ ನಡೆಯುತ್ತಿತ್ತಲ್ಲ, ಇಲ್ಲಿಯೂ ನಡೆಯುತ್ತದೆ ಎಂದುಕೊಂಡರು. ಈ ಚೌಕಕ್ಕೆ ಮಾತ್ರ ಆಣೆ ಗೊತ್ತಿಲ್ಲ, ಅದಕ್ಕೆ ಮೀಟರು ಒಂದೇ ಗೊತ್ತು. ಮೂರು ಆಣೆ ಎಂದರೆ ಆರಡಿ, ನಾಲ್ಕು ಆಣೆ ಎಂದರೆ ಎಂಟಡಿ. ಮೂರು ಮೀಟರ್ ಎಂದರೆ ಹತ್ತಡಿಯ ಹತ್ತಿರ. ಜೀವಮಾನವೆಲ್ಲ ಸರಪಳಿ ಎಳೆದ ಕೈಗೆ ಹಾಗೆನ್ನಿಸಿದ್ದು ಸಹಜವೇ. ನನ್ನನ್ನು ಯಾರೂ ಕೇಳಲಿಲ್ಲ, ನನಗೆ ಕೇಳದೆ ಹೇಳುವ ಅಭ್ಯಾಸ ಇಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ತಾಲೂಕೆಲ್ಲ ಹಸಿರು. ತಪ್ಪುಗಳು: ಸೊನ್ನೆ. ಕೋಣೆಯಲ್ಲಿ ಪೇಡೆ ಹಂಚಿದರು, ಒಂದು ಚೂರು ನನ್ನ ಮೇಲೂ ಬಿತ್ತು, ಇರುವೆ ಬಂದವು. ಶೈನಾಜ್ ಮಾತ್ರ ಮುಚ್ಚುವ ಮೊದಲಿನ ಗೆರೆಗಳ ಒಂದು ಪ್ರತಿಯನ್ನು ನನ್ನೊಳಗೇ ಒಂದು ಮೂಲೆಯಲ್ಲಿ ಎತ್ತಿಟ್ಟಳು. ಜಿಲ್ಲೆಗೆ ಹೋದದ್ದು ಹಸಿರಾದದ್ದು ಮಾತ್ರ.

ಆ ವರ್ಷ ಸುಗ್ಗಿ ಮುಗಿದ ಮೇಲೆ ನನ್ನ ಮುಂದೆ ಹೊಸ ಪಾದಗಳು ಬಂದು ನಿಂತವು. ಹಿಮ್ಮಡಿ ಸೀಳಿತ್ತು, ಸೀಳಿನೊಳಗೆ ಕಪ್ಪು ಮಣ್ಣು ಕೂತಿತ್ತು, ತೊಳೆದರೂ ಹೋಗದ ಮಣ್ಣು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಕೋಡಿಹಾಳದ ಕುಂಬಾರ ಓಣಿಯ ಸಂಕವ್ವ. ಗಂಡ ತೀರಿಕೊಂಡ ಮೇಲೆ ಮಡಕೆ ಮಾಡುವ ತಿಗರಿಯನ್ನು ತಾನೇ ತಿರುಗಿಸುತ್ತಿದ್ದಳು.

"ಸರ್ವೇದ ಸಾಹೇಬ್ರು ಯಾರ್ರಿ? ನಮ್ಮ ಮಣ್ಣಿನ ಹಾದಿ ಇಲ್ಲೆ ಕಳದೈತಂತ, ಹುಡುಕಾಕ ಬಂದೇನ್ರಿ."

"ಕಳಿಯಾಕ ಹಾದಿ ಏನ್ ಕೋಳಿ ಏನವಾ?" ಎಂದು ಗುರುಪಾದಪ್ಪನವರು ನಕ್ಕರು. ಅವಳು ನಗಲಿಲ್ಲ.

"ನಮ್ಮ ಓಣಿಯಿಂದ ಕೆರೀಗೆ ಹೋಗೂ ಬಂಡಿ ಹಾದಿ ರೀ. ಗಡಿಗಿ ಮಣ್ಣು ಅಲ್ಲಿಂದನ ತರೂದು. ನಮ್ಮ ಅತ್ತಿ ತಂದಾಳ, ಅವರತ್ತಿ ತಂದಾಳ. ಈಗ ಬಾಜೂ ಹೊಲದ ಈರಣ್ಣ ತಂತಿ ಬೇಲಿ ಹಾಕ್ಯಾನ. ಯಾಕಪಾ ಅಂದ್ರ ಕಾಗದ ತೋರಸ್ತಾನ. ಕಾಗದದಾಗ ಹಾದೀನ ಇಲ್ಲ ಅಂತಾನ. ಕೊಟ್ಟಾವ್ರು ನೀವಂತ."

ಈರಣ್ಣ ಹಾವನೂರ ಕೆಟ್ಟ ಮನುಷ್ಯನೇನಲ್ಲ ಎಂದು ಆಮೇಲೆ ನನಗೆ ತಿಳಿಯಿತು. ಹೊಲದ ಗಡಿ ಗುರುತಿಸಿಕೊಡಿ ಎಂದು ಅರ್ಜಿ ಕೊಟ್ಟಿದ್ದ. ಹೊಸ ನಕ್ಷೆ ನನ್ನಿಂದಲೇ ಹೊರಬಂತು. ನಾನು ಎಳೆದು ಅಂಟಿಸಿದ ಗೆರೆಯಲ್ಲಿ ಆ ಹಾದಿ ಅವನ ಹೊಲದೊಳಗೆ ಸೇರಿ, ಅವನಿಗೆ ಮೂರು ಗುಂಟೆ ಹೆಚ್ಚಾಗಿತ್ತು. ಸರ್ಕಾರವೇ ಹೆಚ್ಚು ಕೊಟ್ಟರೆ ಬೇಡ ಎನ್ನುವವರು ಯಾರು? ಅವನು ಕಲ್ಲು ನೆಟ್ಟ, ತಂತಿ ಎಳೆದ.

"ಸುತ್ತು ಹಾಕಿ ಹೋಗವಾ," ಎಂದರು ಗುರುಪಾದಪ್ಪನವರು.

"ಆ ಕಡಿ ಹಳ್ಳ ಐತ್ರಿ, ಬಂಡಿ ಇಳಿಯೂದಿಲ್ಲ. ತಲಿ ಮ್ಯಾಲ ಎಷ್ಟ ಹೊರಲಿ? ಮನ್ಯಾಗ ಇದ್ದ ಮಣ್ಣು ಮುಗದ್ರ ತಿಗರಿ ನಿಲ್ಲತೈತಿ. ತಿಗರಿ ನಿಂತ್ರ ನಾ ಯಾರ್ ಮನೀ ಕೆಲಸಕ್ಕ ಹೋಗ್ಲಿ ಈ ವಯಸ್ಸಿನಾಗ?"

ಅರ್ಜಿ ಬರೆದುಕೊಡು ಎಂದರು. ಬರೆಸಿ ಕೊಟ್ಟಳು. ಆಮೇಲೆ ಬಂದಳು, ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಮತ್ತೆ ಬಂದಳು, ಕರೆಂಟ್ ಇರಲಿಲ್ಲ. ಮತ್ತೆ ಬಂದಾಗ ಈರಣ್ಣನ ಒಪ್ಪಿಗೆ ಸಹಿ ಬೇಕು ಎಂದರು. ಈರಣ್ಣ ಒಪ್ಪಲಿಲ್ಲ. ಪ್ರತಿ ಸಲ ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರುತ್ತಿದ್ದಳು, ಗುಡಿಗೆ ಬಂದವರ ಹಾಗೆ. ನೋಡಿ ನೋಡಿ ನನಗೇ ಬೇಸರ ಬಂದಿತ್ತು. ಬೇಸರವಾದರೆ ಮನುಷ್ಯರು ಎದ್ದು ಚಹಾಕ್ಕೆ ಹೋಗುತ್ತಾರೆ, ನಾನು ಎಲ್ಲಿಗೆ ಹೋಗಲಿ?

ಶೈನಾಜ್ ಒಂದು ದಿನ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನೊಳಗೆ ಎತ್ತಿಟ್ಟಿದ್ದ ಹಳೇ ಪ್ರತಿಯನ್ನು ಹೊಸದರ ಮೇಲೆ ಹಾಸಿ ನೋಡಿದಳು. ಹಳೆಯದರಲ್ಲಿ ಓಣಿಯಿಂದ ಕೆರೆಯವರೆಗೆ ಉದ್ದಕ್ಕೂ ಒಂದೇ ಅಗಲದ ಪಟ್ಟಿ. ಹೊಸದರಲ್ಲಿ ಅಲ್ಲಿ ಒಂದೇ ಒಂದು ಗೆರೆ. ಬಂಡಿ ಹಾದಿಗೆ ಕಂದಾಯ ಇಲ್ಲ, ಅದಕ್ಕೆ ಹಿಂದಿನವರು ನಂಬರು ಕೊಟ್ಟಿರಲಿಲ್ಲ. ನಂಬರಿಲ್ಲದ್ದು ನನಗೆ ಕಿಂಡಿ. ಗುರುಪಾದಪ್ಪನವರೂ ಬಂದು ನೋಡಿದರು.

"ನಾಲ್ಕಾಣೆ ಐತಿ. ನಾ ಮೂರಾಣೆ ಅಷ್ಟ ಮುಚ್ಚಂದಿದ್ದೆ," ಎಂದರು.

"ಅಲ್ಲಿ ಮೀಟರ್ ತಗೋತೈತ್ರಿ ಸರ್."

ಅವರು ಎದ್ದು ಹೊರಗೆ ಹೋದರು. ಆ ದಿನ ನನ್ನನ್ನು ಕುಟ್ಟಲಿಲ್ಲ.

ತಪ್ಪು ಗೊತ್ತಾದ ಮಾತ್ರಕ್ಕೆ ಸರಿಯಾಗುವುದಿಲ್ಲ. ಈರಣ್ಣನ ಕೈಯಲ್ಲಿ ಮೊಹರು ಬಿದ್ದ ನಕ್ಷೆ ಇತ್ತು. ಅವನಾಗಿ ಒಪ್ಪಿದರೆ ಕೆಲಸ ಸುಲಭ, ಇಲ್ಲದಿದ್ದರೆ ಕೋರ್ಟು. ಕೋರ್ಟು ಎಂದರೆ ಸಂಕವ್ವನ ತಿಗರಿಗೆ ಹುಳ ಹಿಡಿಯುವವರೆಗೆ. ಕೋಣೆಯಲ್ಲಿ ಎಲ್ಲರಿಗೂ ಇದು ಗೊತ್ತಿತ್ತು, ಅವಳಿಗೂ.

ವೈಶಾಖದಲ್ಲಿ ಒಂದು ದಿನ ಈರಣ್ಣ ತಾನೇ ಬಂದ. ಹೊಸ ಚಪ್ಪಲಿ, ಪಂಚೆಯ ಅಂಚಿಗೆ ಅರಿಸಿನದ ಕಲೆ. ಮನೆಯಲ್ಲಿ ಹಿರಿಮಗಳ ಮದುವೆ ಆಗಿತ್ತು. ಕೂತವನು ತಾನಾಗಿ ಶುರುಮಾಡಿದ.

ಆ ಕಡೆ ಮದುವೆಗೆ ಐರಾಣಿ ತರುವ ಪದ್ಧತಿ ಇದೆ. ಬಣ್ಣ ಬಳಿದ ಹೊಸ ಗಡಿಗೆಗಳನ್ನು ಕುಂಬಾರರ ಮನೆಯಿಂದ ವಾದ್ಯ ಹಚ್ಚಿ, ಮುತ್ತೈದೆಯರು ಹೊತ್ತು ತರಬೇಕು. ಅಂಗಡಿಯಿಂದ ತಂದದ್ದು ನಡೆಯುವುದಿಲ್ಲ. ಊರಿನ ಕುಂಬಾರತಿ ಉಡಿ ತುಂಬಿಸಿಕೊಂಡು ತನ್ನ ಕೈಯಾರೆ ಕೊಡಬೇಕು. ಈರಣ್ಣನ ಮನೆಯವರು ಹೋಗಲೋ ಬೇಡವೋ ಎಂದು ಅಳುಕುತ್ತಲೇ ಸಂಕವ್ವನ ಬಾಗಿಲಿಗೆ ಹೋಗಿದ್ದರು.

"ಕೊಡೂದಿಲ್ಲ ಅಂತಾಳಂತ ತಿಳಕೊಂಡಿದ್ವಿ. ಅಂದಿದ್ರ ನನಗೂ ಜಗಳಾಡಾಕ ಬರತಿತ್ತು," ಎಂದ ಈರಣ್ಣ. "ಕೊಟ್ಳರಿ. ಮಾರಾಕಂತ ಮಾಡಿಟ್ಟ ಹಸೀ ಮಡಕಿ ಎಲ್ಲಾ ಒಡದು, ನೀರಾಗ ನೆನಿಹಾಕಿ, ಆ ಮಣ್ಣೀಲೆ ಐರಾಣಿ ಮಾಡಿ ಸುಟ್ಟಿದ್ಲು. ಮಗಳ ತಲಿ ಮ್ಯಾಲ ಕೈ ಇಟ್ಳು. ಆಮ್ಯಾಲ ನನ್ನ ಕಡೆ ತಿರುಗಿ, ಈರಣ್ಣ, ಇನ್ನ ಇಬ್ರು ಹೆಣ್ಣಮಕ್ಕಳದಾರ ನಿನಗ, ಅವರಿಗೆ ಮಣ್ಣ ಉಳಿದಿಲ್ಲೋ ಅಂದ್ಳು. ಸಿಟ್ಟಿಲೆ ಅಲ್ಲರಿ. ಮನಿ ಮಂದಿ ಹೇಳಿದಾಂಗ ಅಂದ್ಳು. ಬೀಗರು ಅಲ್ಲೇ ನಿಂತಿದ್ರು. ನನಗ ಎಲ್ಲಿ ಮುಖ ಇಡಬೇಕು ತಿಳೀಲಿಲ್ಲ."

ಅವನು ಮೂಗು ಒರೆಸಿಕೊಂಡ. "ಎಲ್ಲಿ ಸಹಿ ಮಾಡ್ಲಿ, ಹೇಳ್ರಿ," ಎಂದ.

ಸಹಿ ಬಿತ್ತು. ಶೈನಾಜ್ ಗೆರೆಯನ್ನು ಹಳೇ ಜಾಗಕ್ಕೆ ಸರಿಸಿದಳು. ನಾನು ಒಪ್ಪಲಿಲ್ಲ. ಕೆಂಪು ತೋರಿಸಿದೆ. ಕಿಂಡಿ ಬಿದ್ದಿದೆ ಎಂದೆ. ಏನು ಮಾಡಲಿ, ನನಗೆ ಕಲಿಸಿದ್ದೇ ಅಷ್ಟು. ಅವಳು ಗುರುಪಾದಪ್ಪನವರ ಮುಖ ನೋಡಿರಬೇಕು.

"ನಂಬರ್ ಇಲ್ಲಂದ್ರ ಭೂಮಿ ಅಲ್ಲ ಅಂದಾಂವ ನಾನಽ," ಎಂದರು ಅವರು. "ನಂಬರ್ ಕೊಡೂಣು."

ಬಂಡಿ ಹಾದಿಗೆ ಹೊಸ ನಂಬರು ಕೇಳಿ ಜಿಲ್ಲೆಗೆ ಅವರೇ ಬರೆದರು, ಅವರೇ ಎರಡು ಸಲ ಬಸ್ಸು ಹತ್ತಿ ಹೋಗಿ ಬಂದರು. ಮಂಜೂರಾಯಿತು. ಹಾದಿ ಈಗ ಹೊಲಗಳ ಹಾಗೆಯೇ ಒಂದು ಆಕಾರವಾಯಿತು, ನಾಲ್ಕು ಆಣೆ ಅಗಲದ, ಉದ್ದನೆಯ ತುಂಡು. ಮಾಲೀಕರ ಕಡೆ ಸರ್ಕಾರ ಎಂದು ಬರೆದು, ಬಂಡಿ ಹಾದಿ ಎಂದು ನಮೂದಿಸಿದರು. ಪರೀಕ್ಷೆ ಮಾಡಿದೆ. ಹಸಿರು. ತಪ್ಪುಗಳು: ಸೊನ್ನೆ. ಹಾದಿಯನ್ನು ನುಂಗಿದ ದಿನವೂ ನಾನು ಇದೇ ಮಾತು ಹೇಳಿದ್ದೆ. ಅದನ್ನು ನೆನೆದರೆ ನನ್ನ ಮೇಲೆ ನನಗೇ ನಂಬಿಕೆ ಕಡಿಮೆಯಾಗುತ್ತದೆ.

ಸಂಕವ್ವ ನೋಡಲು ಬಂದಳು. ಪರದೆಯ ಮೇಲೆ ಬೆರಳಿಟ್ಟು ಓಣಿಯಿಂದ ಕೆರೆಯವರೆಗೆ ಎಳೆದಳಂತೆ. ನನಗೆ ಕಂಡದ್ದು ಅವಳ ಹಿಮ್ಮಡಿಯ ಹಸಿ ಮಣ್ಣು ಮಾತ್ರ. ಕೆರೆಗೆ ಹೋಗಿಬಂದೇ ಬಂದಿದ್ದಳು. ನನಗೆ ಸಂತೋಷವಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೊರಡುವಾಗ ಅವಳು, "ಅಲ್ರಿ ಸಾಹೇಬ್ರ, ನಮ್ಮದೊಂದಽ ಹೋಗಿತ್ತೇನು, ಮತ್ತ ಬ್ಯಾರೇದವರದೂ ಹೋಗ್ಯಾವೋ?" ಎಂದು ಕೇಳಿದಳು.

ಕಂದು ಬೂಟು ಕುರ್ಚಿಯ ಕೆಳಗೆ ಹಿಂದಕ್ಕೆ ಸರಿಯಿತು.

ಅವಳು ಹೋದ ಮೇಲೆ ಶೈನಾಜ್ ಇಡೀ ತಾಲೂಕಿನ ಹಳೇ ಪ್ರತಿಯನ್ನು ಹೊಸದರ ಮೇಲೆ ಹಾಸಿದಳು. ಒಂದೇ ಅಗಲದ ಪಟ್ಟಿಗಳು ಊರೂರಿನಲ್ಲಿ ಕಾಣಿಸಿದವು. ಬಾವಿಗೆ ಹೋಗುವವು, ಸುಡುಗಾಡಿಗೆ ಹೋಗುವವು, ದನ ನೀರಿಗೆ ಇಳಿಯುವ ಹಾದಿಗಳು. ಗುರುಪಾದಪ್ಪನವರು ಬೂಟು ಬಿಚ್ಚಿ ಪಕ್ಕಕ್ಕಿಟ್ಟು, "ಒಂದೊಂದ ಊರು ತಗಿ," ಎಂದರು. ನಿವೃತ್ತಿಗೆ ಉಳಿದಿದ್ದ ತಿಂಗಳುಗಳಲ್ಲಿ ಇಬ್ಬರೂ ಕೈಲಾದಷ್ಟು ಊರು ಮುಗಿಸಿದರು. ಅರ್ಧವೂ ಆಗಲಿಲ್ಲ. ಅವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಶೈನಾಜಳ ಗುತ್ತಿಗೆ ಮುಂದುವರಿಯಲಿಲ್ಲ. ಹೋಗುವ ದಿನ ಅವಳು ನನ್ನನ್ನು ಒರೆಸಿ, ಹೊಸ ಆಪರೇಟರಿಗೆ, "ಇದರಾಗ ಹಳೀ ಪ್ರತಿ ಐತಿ, ಅಳಿಸಬ್ಯಾಡ್ರಿ," ಎಂದು ಹೇಳಿದಳು. ಅವನು ಹೂಂ ಎಂದ, ಮೊಬೈಲು ನೋಡುತ್ತಾ. ಅವನ ಸ್ಪೋರ್ಟ್ಸ್ ಬೂಟಿಗೆ ಬೆಳಕಿನ ಪಟ್ಟಿ ಇತ್ತು, ಅಷ್ಟೇ ನೆನಪು.

ಆಮೇಲೆ ಹೊಸ ಯಂತ್ರಗಳು ಬಂದವು, ತೆಳ್ಳಗೆ, ಮೇಜಿನ ಮೇಲೆಯೇ ಕೂರುವಂಥವು. ಅವಕ್ಕೆ ಬೇಕಾದದ್ದೆಲ್ಲ ಜಿಲ್ಲೆಯಿಂದಲೇ ಇಳಿದು ಬಂತು, ಹಸಿರಾದದ್ದು ಮಾತ್ರ. ನನ್ನ ತಂತಿ ಕಿತ್ತು, ನನ್ನನ್ನು ಮೊಗಸಾಲೆಯಲ್ಲಿ ಅಡ್ಡ ಮಲಗಿಸಿದರು. ಗುಜರಿಯವರು ಬರುವವರೆಗೆ ಇಲ್ಲೇ. ಹಲ್ಲಿ ಒಳಗೆ ಮನೆ ಮಾಡಿದೆ. ಬಂದವರಿಗೆ ನಾನು ಈಗ ಒಂದು ಆಸನ.

ನಿನ್ನೆ ಪರಿಚಯದ ಹಿಮ್ಮಡಿಗಳು ಬಂದವು. ಸಂಕವ್ವನ ಜೊತೆ ಒಬ್ಬ ಮುದುಕ ಇದ್ದ, ಪಕ್ಕದ ಊರಿನವನು. ಅವರ ಕೇರಿಯಿಂದ ಸುಡುಗಾಡಿಗೆ ಹೋಗುವ ಹಾದಿಗೆ ಬೇಲಿ ಬಿದ್ದಿದೆ. ಹೆಣ ಹೊತ್ತವರು ಹಳ್ಳದ ಕೆಸರಿನಲ್ಲಿ ಇಳಿದು ಹೋದರಂತೆ. ನಂದು ಇಲ್ಲೇ ಸಿಕ್ಕಿತು, ನಿಮ್ಮದೂ ಸಿಗುತ್ತದೆ ಎಂದು ಅವಳೇ ಕರೆತಂದಿದ್ದಳು. ಇಬ್ಬರೂ ಒಳಗೆ ಹೋದರು. ಹೊಸ ಆಪರೇಟರ್ ನೋಡಿ, "ಇಲ್ಲಿ ಎಲ್ಲಾ ಸರಿ ಐತಿ ಅಜ್ಜ, ಒಂದೂ ತಪ್ಪಿಲ್ಲ. ಹಾದಿ ಇದ್ದಿದ್ರ ತೋರಸತಿತ್ತು," ಎಂದದ್ದು ಹೊರಗೆ ನನಗೆ ಕೇಳಿಸಿತು.

ಹೊರಬಂದ ಮುದುಕನಿಗೆ ಕಾಲು ಸೋತಿತ್ತು. ಸಂಕವ್ವ ಅವನ ತೋಳು ಹಿಡಿದು ನನ್ನ ಮೇಲೆ ಕೂರಿಸಿದಳು.

"ಮೊದಲಿದ್ದ ಕಂಪ್ಯೂಟರ್ ಬಾಯಾರು ಇಲ್ಲ, ಸಾಹೇಬ್ರೂ ಇಲ್ಲ," ಎಂದಳು. "ಸ್ವಲ್ಪ ದಣಿವಾರಿಸ್ಕೋ ಕಾಕಾ. ಹೆಂಗ ಹುಡುಕೂದಂತ ನೋಡೂಣು."

ಅವನು ಹುಡುಕಿಕೊಂಡು ಬಂದ ಹಾದಿ, ಕೇರಿಯಿಂದ ಸುಡುಗಾಡಿನವರೆಗೆ, ಒಂದೇ ಅಗಲವಾಗಿ ನನ್ನೊಳಗೆ ಇತ್ತು. ಅವನು ಅದರ ಮೇಲೆಯೇ ಕೂತಿದ್ದ. ಹೇಳಲು ನನಗೆ ಕರೆಂಟ್ ಇರಲಿಲ್ಲ.